ಸೊಲ್ಯೂಷನ್ ಒಣಗುವಷ್ಟು ಹೊತ್ತು

ಮೊನ್ನೆ ಹಡಗಲಿಯಲ್ಲಿ ಮಗಳ ಸೈಕಲ್ಲಿಗೆ ಪಂಚರ್ ಹಾಕಿಸಲು ನಿಂತಿದ್ದೆ. ಅಂಗಡಿಯವನು ಸೊಲ್ಯೂಷನ್ ಡಬ್ಬಿಯ ಮುಚ್ಚಳ ತಿರುವಿದ್ದೇ ತಡ, ಆ ಘಾಟು ಮೂಗಿಗೆ ಬಡಿಯಿತು. ಈಗ ಮೋಟರ್ ಸೈಕಲ್ಲುಗಳಿಗೆಲ್ಲ ಟ್ಯೂಬೇ ಇಲ್ಲ. ಮೊಳೆ ಕಿತ್ತು ರಬ್ಬರಿನ ಬತ್ತಿ ತುರುಕಿದರೆ ಕೆಲಸ ಮುಗಿಯಿತು. ಹಾಗಾಗಿ ಆ ವಾಸನೆ ಸಿಗುವುದೇ ಅಪರೂಪವಾಗಿಬಿಟ್ಟಿದೆ. ಪೆಟ್ರೋಲೂ ಅಲ್ಲ, ಬಣ್ಣವೂ ಅಲ್ಲ, ತಲೆ ಸ್ವಲ್ಪ ತಿರುಗಿಸಿ ಬಿಡುವ ವಾಸನೆ. ಅವನು ಸೊಲ್ಯೂಷನ್ ಸವರಿ ಆಗಲೇ ತೇಪೆ ಅಂಟಿಸಲು ಹೊರಟ. “ಸ್ವಲ್ಪ ತಡಿಯಪ್ಪ, ಒಣಗ್ಲಿ” ಎಂದೆ. “ಎಷ್ಟೊತ್ರಿ ಮೇಡಮ್?” ಎಂದ. ಒಂದು ಪದ ಹಾಡಿ ಮುಗಿಸುವಷ್ಟು ಹೊತ್ತು ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, “ಐದು ನಿಮಿಷ” ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ನನಗೋ ನಗು, ಕಣ್ಣಲ್ಲಿ ನೀರು, ಎರಡೂ ಒಟ್ಟಿಗೇ ಬಂದವು.

ನನ್ನ ಮೊದಲ ನೌಕರಿ ಬಾಗಳಿ ದಾರಿಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ವಿಜ್ಞಾನದ ಟೀಚರ್. ಇರುವುದಕ್ಕೆ ಹರಪನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ, ಓಡಾಡುವುದಕ್ಕೆ ಅಪ್ಪ ಕೂಡ್ಲಿಗಿಯಿಂದ ಕಳಿಸಿಕೊಟ್ಟ ಹಳೆಯ ಸ್ಕೂಟಿ. ದಾರಿಯ ಎರಡೂ ಬದಿಗೆ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ನನ್ನ ಹಿಂದಿನ ಗಾಲಿಯ ಮೇಲೆ ಏನು ಪ್ರೀತಿಯೋ, ವಾರಕ್ಕೊಮ್ಮೆಯಾದರೂ ಗಾಳಿ ಇಳಿದು ನಾನು ಗಾಡಿ ತಳ್ಳಿಕೊಂಡು ಬರುವುದು ಇದ್ದದ್ದೇ. ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಅಲ್ಲಿದ್ದವರನ್ನು ಊರೆಲ್ಲ ಪಂಚರ್ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಕಾಕಾಗೆ ಆಗ ಅರವತ್ತರ ಆಸುಪಾಸು. ಬೆಳ್ಳಗಿನ ಮೀಸೆ, ಕಪ್ಪಗಿನ ಉಗುರು, ಯಾರು ಎಷ್ಟೇ ಕೂಗಾಡಿದರೂ ಅವಸರ ಮಾಡದ ಜೀವ. ಮೊದಲ ದಿನ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಶಾಲೆಯ ಗಂಟೆ ಹೊಡೆಯಲು ಇನ್ನು ಅರ್ಧ ತಾಸು. ಈ ಮನುಷ್ಯ ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ಸವರಿ, ಅದನ್ನು ಗೂಟಕ್ಕೆ ನೇತುಹಾಕಿದರು. ಎರಡು ಸಲ ಸೋಪು ಹಚ್ಚಿ ಕೈ ತೊಳೆದರು. ಆಮೇಲೆ ಗೂಡಿನಿಂದ ಉದ್ದನೆಯ ಒಂದು ಮೌತ್ ಆರ್ಗನ್ ತೆಗೆದುಕೊಂಡು, ಹಳೆಯ ಟಯರಿನ ಮೇಲೆ ಕೂತು, ಊದಲು ಶುರುಮಾಡಿದರು!

“ಕಾಕಾ, ನನಗ ಸಾಲಿಗಿ ಹೊತ್ತಾತ್ರೀ” ಎಂದೆ.

“ಅಕ್ಕೋರ, ಕುಂದ್ರಿ. ಸೊಲ್ಯೂಷನ್ ಒಣಗಬೇಕಲ್ರಿ” ಎಂದರು. “ಹಸಿ ಇದ್ದಾಗ ಹಚ್ಚಿದ್ರ ತೇಪಿ ಜಾರತೈತಿ. ಪೂರಾ ಒಣಗಿಸಿ ಹಚ್ಚಿದ್ರ ಹಿಡಿಯಂಗಿಲ್ಲ. ಈ ಪದ ಮುಗಿಯೋದ್ರಾಗ ಹದಕ್ಕ ಬರತೈತಿ.”

ಅವರ ಗಡಿಯಾರವೇ ಅದು. ಒಂದು ಪದ ಶುರುವಿನಿಂದ ಕೊನೆಯವರೆಗೆ ನುಡಿಸಿದರೆ ಸೊಲ್ಯೂಷನ್ ಹದಕ್ಕೆ ಬಂದಿರುತ್ತಿತ್ತು. ಎದ್ದು ಹೋಗಿ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ, ತಲೆ ಆಡಿಸಿ, ತೇಪೆ ಒತ್ತುತ್ತಿದ್ದರು. ಲಾರಿ ಡ್ರೈವರುಗಳು ಬೈಯುತ್ತಲೇ ಕೇಳುತ್ತಿದ್ದರು, ಕೇಳುತ್ತ ಕೇಳುತ್ತ ಬೈಯುವುದನ್ನು ಮರೆಯುತ್ತಿದ್ದರು. ಅವರು ಹಾಕಿದ ತೇಪೆ ಬಿಟ್ಟುಕೊಂಡದ್ದನ್ನು ನಾನಂತೂ ನೋಡಲಿಲ್ಲ.

ಯಾವಾಗಲೂ ಅದೇ ಪದ. ಅವರ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದದ್ದಂತೆ. ನಾಲ್ಕೈದು ಸಲ ಕೇಳಿದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ನಡುವೆ ಒಂದು ಜಾಗದಲ್ಲಿ ಕಾಕಾ ಪ್ರತಿಸಲವೂ ಹುಬ್ಬು ಗಂಟಿಕ್ಕುತ್ತಿದ್ದರು, ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ. ಯಾಕೆಂದು ಕೇಳಿದೆ.

“ಅಲ್ಲಿ ಅವ್ವ ಜಾರತಿದ್ಲ್ರಿ. ಮ್ಯಾಲಿನ ದನಿಯಿಂದ ಕೆಳಗಿನ ದನಿಗಿ, ಎಣ್ಣಿ ಇಳದಂಗ ಇಳಿತಿದ್ಲು. ಈ ಬಾಯಿ ಪೆಟಗಿ ಮೆಟ್ಲ ಇಳಿತೈತಿ. ಟಕ್, ಟಕ್.”

ಆಮೇಲೆ ನಿಧಾನವಾಗಿ ಉಳಿದದ್ದು ಹೊರಬಂತು. ಅವ್ವ ಹೋದಾಗ ಕಾಕಾ ತೀರ ಚಿಕ್ಕವರು. ಬೆಳೆಸಿದವರು ಅಕ್ಕ, ಈಗ ಮೈಲಾರದಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ಪದವನ್ನು ಅವ್ವನ ಬಾಯಲ್ಲಿ ಕೇಳಿದವರು ಭೂಮಿಯ ಮೇಲೆ ಇನ್ನು ಉಳಿದಿದ್ದು ಇವರಿಬ್ಬರೇ. ಕಾಕಾ ಮೈಲಾರಕ್ಕೆ ಹೋದಾಗಲೆಲ್ಲ ಅಕ್ಕನ ಮುಂದೆ ಕೂತು ನುಡಿಸುತ್ತಾರೆ. ಅಕ್ಕ ಪೂರ್ತಿ ಕೇಳಿ ಪ್ರತಿಸಲವೂ ಒಂದೇ ಮಾತು ಹೇಳುತ್ತಾರೆ.

“‘ಚಂದ ಐತಿ ತಮ್ಮಾ, ಆದ್ರ ಇದು ಅವ್ವಂದಲ್ಲ’ ಅಂತಾಳ್ರಿ” ಎಂದರು ಕಾಕಾ. “ಅಕಿಗೂ ವಯಸ್ಸಾತು. ಒಮ್ಮೆ ಅಕಿ ಬಾಯಿಂದ ‘ಹೌದು, ಅವ್ವಂದ’ ಅನ್ನಿಸಬೇಕ್ರಿ. ಅಷ್ಟ ನೋಡ್ರಿ ನಂದು.”

ನಾನು ವಿಜ್ಞಾನದ ಟೀಚರ್ ಅಲ್ಲವೇ, ಸುಮ್ಮನಿರಲಾಗಲಿಲ್ಲ. ಕಾಲೇಜಿನಲ್ಲಿದ್ದಾಗ ಅಣ್ಣನ ಮೌತ್ ಆರ್ಗನ್ ಕದ್ದು ಊದಿದ ಅನುಭವವೂ ಇತ್ತು, ಮೊಬೈಲಿನಲ್ಲಿ ಹುಡುಕುವ ಹುರುಪೂ ಇತ್ತು. ಎರಡೇ ದಿನಕ್ಕೆ ಮಹಾ ಪಂಡಿತೆಯಾಗಿ ಶೆಡ್ಡಿಗೆ ಹೋದೆ. ಕಾಕಾರದು ಎರಡು ಸಾಲಿನ ವಾದ್ಯ. ಒಂದೇ ಸ್ವರಕ್ಕೆ ಎರಡೆರಡು ರೀಡುಗಳು, ಅಂದರೆ ಗಾಳಿಗೆ ಕಂಪಿಸುವ ಹಿತ್ತಾಳೆಯ ಎಸಳುಗಳು, ಅದಕ್ಕೇ ದನಿ ನಡುಗುತ್ತದೆ, ಇಂಪಾಗಿರುತ್ತದೆ. ಆದರೆ ಒಂದೊಂದು ರೀಡಿಗೂ ಒಂದೊಂದು ಬೇರೆ ಗೂಡು, ಆದ್ದರಿಂದ ಸ್ವರ ಬಾಗುವುದಿಲ್ಲ. ಬಾಗಬೇಕಾದರೆ ಹತ್ತು ತೂತಿನ ಗಿಡ್ಡ ವಾದ್ಯ ಬೇಕು. ಅದರಲ್ಲಿ ಒಂದೇ ಗೂಡಿನಲ್ಲಿ ಎರಡು ರೀಡು, ಊದುವಾಗ ಒಂದು ನುಡಿಯುತ್ತದೆ, ಉಸಿರು ಎಳೆಯುವಾಗ ಇನ್ನೊಂದು. ನಾಲಿಗೆಯ ಆಕಾರ ಬದಲಿಸಿ ಎಳೆದರೆ ಒಂದರ ದನಿ ಇನ್ನೊಂದರ ಕಡೆಗೆ ಜಾರುತ್ತದೆ. ಇಷ್ಟನ್ನು ಸೀಮೆಸುಣ್ಣದಿಂದ ಟಯರಿನ ಮೇಲೆ ಚಿತ್ರ ಬರೆದು ವಿವರಿಸಿದೆ.

ಕಾಕಾ ಗಂಭೀರವಾಗಿ ಕೇಳಿ, “ಖರೇ ಐತ್ರಿ. ಒಂದ ಮನ್ಯಾಗ ಇಬ್ರು ಇದ್ರ ಒಬ್ಬರನ್ನೊಬ್ಬರು ಎಳಿಯದ ಬಿಡತಾರೇನು?” ಎಂದರು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ಬೇಗ ಪಾಠ ಹಿಡಿದವರಲ್ಲ.

ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿ ದಾವಣಗೆರೆಯ ಒಂದು ವಾದ್ಯದ ಅಂಗಡಿಗೆ ಹೋದೆವು. ಮೊಬೈಲಿನಲ್ಲೇ ತರಿಸೋಣ ಎಂದರೆ ಕಾಕಾ ಒಪ್ಪಿರಲಿಲ್ಲ. ಗಾಳಿಯ ಸಾಮಾನನ್ನು ಗಾಳಿ ಹಾಕಿ ನೋಡದೆ ತೆಗೆದುಕೊಳ್ಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಅಂಗಡಿಯವರು ಮೊದಲು ಒಂದು ದೊಡ್ಡ ಡೌಲಿನ ವಾದ್ಯ ತೋರಿಸಿದರು. ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ಅರ್ಧ ಸ್ವರ ಮೇಲೆ ಹೋಗುತ್ತದೆ. ಹನ್ನೆರಡೂ ಸ್ವರ ಸಿಗುತ್ತವೆ, ದೊಡ್ಡ ದೊಡ್ಡವರೆಲ್ಲ ಇದನ್ನೇ ನುಡಿಸುವುದು ಎಂದರು. ನಾನು ಮರುಳಾಗಿಬಿಟ್ಟೆ. ಕಾಕಾ ಗುಂಡಿ ನಾಲ್ಕು ಸಲ ಒತ್ತಿ ಬಿಟ್ಟು ನೋಡಿ, “ಇದೂ ಮೆಟ್ಲ ಐತ್ರಿ. ಸಣ್ಣ ಮೆಟ್ಲು, ಅಷ್ಟ” ಎಂದು ಪಕ್ಕಕ್ಕಿಟ್ಟರು. ಅಂಗಡಿಯವರ ಮುಖ ನೋಡಬೇಕಿತ್ತು.

ಆಮೇಲೆ ಹತ್ತು ತೂತಿನವು ಬಂದವು. ಕಾಕಾ ಒಂದನ್ನೆತ್ತಿ, ಗಾಲಿಯ ವಾಲ್ವಿಗೆ ಹಚ್ಚುವ ಹಾಗೆ ಬೆರಳಿನಿಂದ ಉಗುಳು ತೆಗೆದು ಅದರ ಅಂಚಿಗೆ ಹಚ್ಚಲು ಹೋದರು, ಗುಳ್ಳೆ ಬರುತ್ತದೋ ನೋಡಲು! “ಯಜಮಾನ್ರೇ, ಯಜಮಾನ್ರೇ! ಎಂಜಲಾದ್ರೆ ನೀವೇ ತಗಂಡ್ ಹೋಗ್ಬೇಕಾಗ್ತತೆ ನೋಡ್ರಿ” ಎಂದು ಅಂಗಡಿಯವರು ಕೈ ಹಿಡಿದುಕೊಂಡರು. ಬಾಯಿ ಹಚ್ಚದೆ ಪರೀಕ್ಷೆ ಮಾಡಲು ಅವರ ಹತ್ತಿರ ಗಾಳಿ ಊದುವ ಒಂದು ಪುಟ್ಟ ತಿದಿ ಇತ್ತು. ಅದನ್ನು ಕಾಕಾ ಕೈಗೆ ಕೊಟ್ಟದ್ದೇ ತಪ್ಪಾಯಿತು. ಮುಕ್ಕಾಲು ತಾಸು ಮರಳಿ ಕೊಡಲಿಲ್ಲ. ಎಲ್ಲರೂ ತಿದಿಯನ್ನು ಜೋರಾಗಿ ಒತ್ತುತ್ತಾರಂತೆ. ಕಾಕಾ ಒತ್ತಿಯೂ ಒತ್ತದ ಹಾಗೆ ಒತ್ತಿದರು. “ಜೋರಾಗಿ ಊದಿದ್ರ ಯಾವದಾದ್ರೂ ನುಡಿತೈತ್ರಿ. ಸಣ್ಣ ಗಾಳಿಗೂ ಓ ಅನ್ನಬೇಕು, ಅದು ಗಟ್ಟಿ” ಎನ್ನುತ್ತ ಒಂದೊಂದೇ ತೂತಿಗೆ ಕಿವಿ ಕೊಟ್ಟರು. ಗಂಟಲಲ್ಲೇ ಅವ್ವನ ಪದ ಗುನುಗಿ, ಅವಳ ದನಿಗೆ ಹೊಂದುವ ದಪ್ಪ ಶ್ರುತಿಯವನ್ನು ಬೇರೆ ಇಟ್ಟರು.

ಕೊನೆಗೆ ಎರಡು ಉಳಿದವು. ಒಂದು ಪ್ಲಾಸ್ಟಿಕ್ ಮೈಯದು, ಇನ್ನೊಂದು ಕಟ್ಟಿಗೆಯದು. ಕಾಕಾ ಪ್ಲಾಸ್ಟಿಕ್‌ನದನ್ನು ತೋರಿಸಿ, ಇದರ ಸಂದು ಬಿಗಿ ಇದೆ ಎಂದರು. ನಾನು ಕಟ್ಟಿಗೆಯದರ ಚಂದಕ್ಕೆ ಸೋತು, ದನಿ ಇದರದ್ದೇ ಮೆತ್ತಗೆ, ಹಳೆಯ ವಾದಕರೆಲ್ಲ ಕಟ್ಟಿಗೆಯದನ್ನೇ ಮೆಚ್ಚುತ್ತಿದ್ದರು ಎಂದು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಸುರಿದೆ. ಕಾಕಾ ಒಂದು ಕ್ಷಣ ನನ್ನ ಮುಖ ನೋಡಿದರು. “ಓದಿದಾರು ನೀವು” ಎಂದು ಕಟ್ಟಿಗೆಯದನ್ನೇ ಎತ್ತಿಕೊಂಡರು. ಆ ಮಾತನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಒಂದು ತಿಂಗಳು ಕಳೆಯಿತು, ಸ್ವರ ಬಾಗಲಿಲ್ಲ. ಅವ್ವ ಜಾರುವ ಜಾಗ ಸರಿಯಾಗಿ ಮೂರನೆಯ ತೂತಿಗೆ ಬರುತ್ತಿತ್ತು, ಉಸಿರು ಒಳಗೆಳೆಯುವಾಗ. ನಾಲಿಗೆಯನ್ನು “ಈ” ಎನ್ನುವ ಜಾಗದಿಂದ “ಊ” ಎನ್ನುವ ಜಾಗಕ್ಕೆ ಹಿಂದೆ ಸರಿಸಬೇಕು ಎಂದು ನಾನು ಹೇಳಿಕೊಡುವುದು, ಕಾಕಾ ಕೆನ್ನೆ ಒಳಗೆ ಎಳೆದುಕೊಂಡು ಕಣ್ಣು ಮೇಲೆ ಮಾಡುವುದು. ಬರುತ್ತಿದ್ದದ್ದು ಬರೀ ಬುಸ್ ಎನ್ನುವ ಗಾಳಿ. ಅಷ್ಟರಲ್ಲಿ ಸೊಲ್ಯೂಷನ್ ಅತಿಯಾಗಿ ಒಣಗಿ ಮತ್ತೆ ಸವರಬೇಕಾಗುತ್ತಿತ್ತು. ಲಾರಿಯವನೊಬ್ಬ, “ಕಾಕಾ, ಹಾವು ಹೊಕ್ಕೈತೇನು ಅದ್ರಾಗ?” ಎಂದು ಕೇಳಿಯೇಬಿಟ್ಟ. ಮೈಲಾರದಿಂದ ಅಕ್ಕನಿಗೆ ಮೈ ಹುಷಾರಿಲ್ಲ ಎಂಬ ಸುದ್ದಿ ಬಂದದ್ದೂ ಆಗಲೇ. ಗಂಡಾಂತರವೇನಿರಲಿಲ್ಲ, ಜ್ವರ. ಆದರೂ ಕಾಕಾ ಅಂದು ಕತ್ತಲಾದರೂ ಊದುವುದನ್ನು ಬಿಡಲಿಲ್ಲ.

ಮಾರನೆಯ ದಿನ ಸಂಜೆ ಶಾಲೆಯಿಂದ ಬರುತ್ತಿದ್ದ ನನ್ನನ್ನು ಕೈಮಾಡಿ ನಿಲ್ಲಿಸಿದರು. “ಅಕ್ಕೋರ, ಎಲ್ಲೋ ಗಾಳಿ ಸೋರತೈತ್ರಿ. ಎಳದ ಗಾಳಿ ರೀಡಿಗಿ ಮುಟ್ಟವಲ್ದು. ಎಲ್ಲಿ ಸೋರತೈತಿ ಅಂತ ನೋಡಿಬಿಡೋಣ.”

ಪಂಚರ್ ಅಂಗಡಿಯವರು ಗಾಳಿ ಸೋರುವ ಜಾಗವನ್ನು ಹೇಗೆ ನೋಡುತ್ತಾರೆ? ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಬರುತ್ತವೆಂದು ನೋಡುತ್ತಾರೆ. ಬಿ.ಎಸ್ಸಿ. ಬಿ.ಎಡ್. ಮಾಡಿದ ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಬದಲಿಗೆ, “ಹೌದಲ್ರಿ ಕಾಕಾ!” ಎಂದು ಕುಣಿದೆ. ಕಾಕಾ ತೊಟ್ಟಿಯ ಕಪ್ಪು ನೀರು ಚೆಲ್ಲಿ, ತಿಕ್ಕಿ ತೊಳೆದು, ಕುಡಿಯುವ ನೀರು ತುಂಬಿದರು. ಆ ತೊಟ್ಟಿಯ ನೀರು ಅಷ್ಟು ಶುದ್ಧವಾಗಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ವಾದ್ಯವನ್ನು ಮುಳುಗಿಸಿ, ತೂತುಗಳಿಗೆ ಟ್ಯೂಬಿನ ತುಂಡು ಹಿಡಿದು ಊದಿದರೆ… ಸಂದುಸಂದಿನಿಂದಲೂ ಗುಳ್ಳೆ. ಎಡಕ್ಕೆ, ಬಲಕ್ಕೆ, ಹಿಂದೆ. “ಇದಕ್ಕ ತೇಪಿ ಹಚ್ಚಾಕ ಆಗಂಗಿಲ್ರಿ, ಟಯರ್ರ ಬದಲಿ ಮಾಡಬೇಕು” ಎಂದು ಕಾಕಾ ಬೇಸರದಿಂದ ಅದನ್ನು ಎತ್ತಿ ಝಾಡಿಸಿ ಒರೆಸಿ, ಹಾಳಾಯಿತೋ ಏನೋ ಎಂದು ಬಾಯಿಗಿಟ್ಟುಕೊಂಡರು.

ಮೊದಲು ಬುರುಬುರು ನೀರಿನ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಒಂದು ಸ್ವರ, ಹಿಂದೆಂದೂ ಇಲ್ಲದ ತುಂಬು ದನಿಯಲ್ಲಿ. ಕಾಕಾ ಕಣ್ಣು ಅರಳಿಸಿದರು. ಮೂರನೆಯ ತೂತಿಗೆ ಬಂದು ಉಸಿರೆಳೆದರು. ಸ್ವರ ಜಾರಿತು. ಎಣ್ಣೆಯ ಹಾಗೆ, ಮೇಲಿನಿಂದ ಕೆಳಕ್ಕೆ… ನಾನು ರಸ್ತೆಯಲ್ಲಿ ನಿಂತೇ ಚಪ್ಪಾಳೆ ಹೊಡೆದೆ. ನೀರು ಕುಡಿದ ಕಟ್ಟಿಗೆ ಉಬ್ಬಿ, ಸಂದುಗಳನ್ನೆಲ್ಲ ತಾನೇ ಮುಚ್ಚಿಬಿಟ್ಟಿತ್ತು! ಒಂದು ತಿಂಗಳು ಬರೀ ನಾಲಿಗೆಯನ್ನೇ ತಿದ್ದಿದೆನಲ್ಲ ಎಂದು ಒಳಗೇ ನಾಚಿಕೆಯೂ ಆಯಿತು. ದೋಷ ಕಾಕಾ ನಾಲಿಗೆಯಲ್ಲಿ ಇರಲೇ ಇಲ್ಲ.

ಮರುದಿನ ಬೆಳಿಗ್ಗೆ ಕಟ್ಟಿಗೆ ಒಣಗಿ, ದನಿ ಮತ್ತೆ ಮಾಯ. ಆದರೇನು, ಮದ್ದು ಗೊತ್ತಾಗಿತ್ತಲ್ಲ. ಆ ಭಾನುವಾರವೇ ಸ್ಕೂಟಿಯಲ್ಲಿ ಮೈಲಾರಕ್ಕೆ ಹೊರಟೆವು. ಕಾಕಾ ಹಿಂದೆ ಕೂತು, ಗಾಳಿ ಹಾಕುವ ಪಂಪನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ವಾದ್ಯ ಒಣಗಬಾರದೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಲಾರಿ ಟ್ಯೂಬಿನ ತುಂಡಿನೊಳಗೆ ತುರುಕಿ, ಎರಡೂ ತುದಿ ಬಿಗಿದು ಕಟ್ಟಿದ್ದರು. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ನೀರು ಹಾಕಿಸಿದ್ದು ನಾನೇ. ಎಷ್ಟೆಂದರೂ ಓದಿದವಳು.

ಅಕ್ಕ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಜ್ವರ ಬಿಟ್ಟು ಎರಡು ದಿನವಾಗಿತ್ತಂತೆ. ಹಣೆಯ ಮೇಲೆ ದೊಡ್ಡ ವಿಭೂತಿ, ಮಾತು ಮಾತ್ರ ಚುರುಕು. “ಯಾರಲೇ ಈಕಿ?” ಎಂದು ನನ್ನ ಕಡೆ ಗದ್ದ ಎತ್ತಿದರು. “ನನ್ನ ಗುರುಗಳು” ಎಂದರು ಕಾಕಾ. ನಾನು ನಾಚಿಕೆಯಿಂದ ಭೂಮಿಗೆ ಇಳಿದು ಹೋದೆ. ಕಾಕಾ ಗಂಟು ಬಿಚ್ಚಿ, ವಾದ್ಯ ಒರೆಸಿ, ಊದಿದರು. ಏನೂ ಇಲ್ಲ. ಮತ್ತೆ ಊದಿದರು. ಕಟ್ಟಿಗೆ ಮಿತಿಮೀರಿ ಉಬ್ಬಿ ತುಟಿಗೆ ಚುಚ್ಚುತ್ತಿತ್ತು, ರೀಡುಗಳೆಲ್ಲ ನೀರಿಗೆ ಅಂಟಿಕೊಂಡಿದ್ದವು. ಕಾಕಾ ತುಟಿಯ ಮೇಲೆ ಒಂದು ಹನಿ ರಕ್ತ.

“ಇದನ್ನ ತೋರ್ಸಾಕ ಅಷ್ಟು ದೂರದಿಂದ ಬಂದಿಯೇನು ತಮ್ಮಾ?” ಎಂದು ಅಕ್ಕ ನಕ್ಕರು. ಕಾಕಾ ನಗಲಿಲ್ಲ. ತುಟಿ ಒರೆಸಿಕೊಂಡು, ವಾದ್ಯದ ಮೇಲೆ ತಲೆ ಬಗ್ಗಿಸಿದರು. ಅಷ್ಟು ಸಣ್ಣದಾದ ಅವರ ಮುಖವನ್ನು ನಾನು ನೋಡಿರಲಿಲ್ಲ. ನನಗೆ ಅಳುವೇ ಬಂತು. ಪ್ಲಾಸ್ಟಿಕ್ ಬೇಡ, ಕಟ್ಟಿಗೆ ಇರಲಿ ಎಂದವಳು ನಾನು. ಇನ್ನಷ್ಟು ನೀರು ಇರಲಿ ಎಂದವಳೂ ನಾನು. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ, ಬಂದದ್ದು ಅವರದೇ ಮಾತು.

“ಕಾಕಾ, ಸೊಲ್ಯೂಷನ್ ಒಣಗಬೇಕಲ್ರಿ.”

ಕಾಕಾ ತಲೆ ಎತ್ತಿದರು. ಜಗಲಿಯಾಚೆಯ ಬಿಸಿಲಿನತ್ತ ನೋಡಿದರು. ಆಮೇಲೆ ಎದ್ದು, ವಾದ್ಯವನ್ನು ಬಿಸಿಲು ಬಿದ್ದ ಕಟ್ಟೆಯ ಕಲ್ಲಿನ ಮೇಲೆ ತೂತು ಕೆಳಗೆ ಮಾಡಿ ಇಟ್ಟರು. ಪಕ್ಕದಲ್ಲೇ ಕೂತು ಅವ್ವನ ಪದವನ್ನು ಬಾಯಲ್ಲೇ ಗುನುಗಿದರು, ಶುರುವಿನಿಂದ ಕೊನೆಯವರೆಗೆ, ಒಂದಿಷ್ಟೂ ಅವಸರವಿಲ್ಲದೆ. ಮುಗಿದ ಮೇಲೆ ಬೆರಳಿನ ಹಿಂಬದಿಯಿಂದ ಕಟ್ಟಿಗೆಯನ್ನು ಮುಟ್ಟಿ ನೋಡಿದರು. ತಲೆ ಆಡಿಸಲಿಲ್ಲ. ಇನ್ನೊಮ್ಮೆ ಗುನುಗಿದರು. ಮತ್ತೆ ಮುಟ್ಟಿದರು. ಮೂರನೆಯ ಸಲ ತಲೆ ಆಡಿಸಿದರು.

ಆಮೇಲೆ ನುಡಿಸಿದರು.

ಅಕ್ಕ ಎಂದಿನಂತೆ ಕೇಳುತ್ತಿದ್ದರು, ಬೀದಿಯ ಕಡೆ ನೋಡುತ್ತ. ಆ ಜಾಗ ಬಂತು. ಸ್ವರ ಮೇಲಿನಿಂದ ಜಾರಿ ಕೆಳಗಿನ ದನಿಗೆ ಬಂದು ಕೂತಿತು, ಎಲ್ಲೂ ಮೆಟ್ಟಿಲಿಲ್ಲ. ನಾನು ನೋಡುತ್ತಿದ್ದದ್ದು ಅಕ್ಕನ ಮುಖವನ್ನು. ಅದರಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಬಲಗೈ. ಮಡಿಲಲ್ಲಿದ್ದ ಕೈ ಮೆಲ್ಲಗೆ ಮುಷ್ಟಿಯಾಗಿ, ಗೂಟ ಹಿಡಿದ ಹಾಗೆ, ಸುತ್ತಲು ಶುರುಮಾಡಿತು. ಒಂದು ಸುತ್ತು, ಇನ್ನೊಂದು ಸುತ್ತು. ಎಡಗೈ ಎದುರಿಗಿಲ್ಲದ ಬೀಸುವಕಲ್ಲಿನ ಬಾಯಿಗೆ ಇಲ್ಲದ ಜೋಳ ಹಾಕಿತು. ಪದ ಮುಗಿದು ಕಾಕಾ ವಾದ್ಯ ಕೆಳಗಿಳಿಸಿದರು. ಅಕ್ಕನ ಕೈ ನಿಲ್ಲಲಿಲ್ಲ.

“ಯಾಕ ನಿಲ್ಲಿಸಿದಿ?” ಎಂದರು ಅಕ್ಕ, ಕಣ್ಣು ಮುಚ್ಚಿಯೇ. “ಇನ್ನೊಂದು ಸೇರು ಐತಿ.”

ಹೌದು ಅವ್ವಂದೇ ಎಂದು ಅವರು ಹೇಳಲೇ ಇಲ್ಲ. ಕಾಕಾ ಅದನ್ನು ಕಾಯಲೂ ಇಲ್ಲ. ಕಣ್ಣೀರು ಮೀಸೆಗೆ ಇಳಿಯುತ್ತಿದ್ದಂತೆಯೇ ಮತ್ತೆ ನುಡಿಸಿದರು, ಮತ್ತೆ, ಮತ್ತೆ. ಎಷ್ಟು ಸೇರು ಬೀಸಿದರೋ ನಾನು ಎಣಿಸಲಿಲ್ಲ. ಮಧ್ಯಾಹ್ನ ಅಕ್ಕನ ಮಗಳು ಮಾಡಿದ ರೊಟ್ಟಿ, ಝುಣಕ ತಿಂದು ಹೊರಟಾಗ, ಹಿಂದಿನ ಸೀಟಿನಲ್ಲಿ ಕಾಕಾ ದಾರಿಯುದ್ದಕ್ಕೂ ಹಾಡುತ್ತ ಬಂದರು. ಹೊಳಲು ದಾಟಿದ ಮೇಲೆ ಪಂಚರ್ ಆಯಿತು. ಜಾಲಿ ಮುಳ್ಳೇ. ಇಬ್ಬರೂ ರಸ್ತೆ ಬದಿಗೆ ಕೂತು ಹೊಟ್ಟೆ ಹಿಡಿದು ನಕ್ಕೆವು, ಯಾಕೆಂದರೆ ಕಾಕಾ ಪಂಪು ತಂದಿದ್ದರು, ಸೊಲ್ಯೂಷನ್ ಮರೆತಿದ್ದರು.

ಮುಂದಿನ ತಿಂಗಳು ಅವರು ಒಬ್ಬರೇ ದಾವಣಗೆರೆಗೆ ಹೋಗಿ ಪ್ಲಾಸ್ಟಿಕ್ ಮೈಯದನ್ನೇ ತಂದರು. ಅದರಲ್ಲಿ ನೀರು ನಿಡಿ ಏನೂ ಬೇಡ, ಸ್ವರ ಕೇಳಿದಂತೆ ಬಾಗುತ್ತಿತ್ತು. “ಅಕ್ಕೋರ ಮಾತು ಕೇಳಿ ಕಟ್ಟಿಗಿದು ತಗೊಂಡೆ ನೋಡ್ರಿ” ಎಂದು ಬಂದ ಗಿರಾಕಿಗಳ ಮುಂದೆಲ್ಲ ನನ್ನನ್ನು ಹಾಸ್ಯ ಮಾಡುತ್ತಿದ್ದರು. ನನಗೆ ವರ್ಗವಾದ ದಿನ ಕಟ್ಟಿಗೆಯದನ್ನು ಅದೇ ಟ್ಯೂಬಿನ ತುಂಡಿನಲ್ಲಿ ಇಟ್ಟು ಕೈಗೆ ಕೊಟ್ಟರು. “ಇದು ನಿಮ್ದ ಐತ್ರಿ. ನನಗ ಇದು ಒಮ್ಮೆ ನುಡಿದಿದ್ದ ಸಾಕು.”

ಆಮೇಲೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಮದುವೆ, ಮಗಳು… ಊರು ಬದಲಾದಂತೆ ಹೋಗುವುದು ಕಡಿಮೆಯಾಯಿತು. ಹೋಗೋಣ, ಮುಂದಿನ ರಜೆಗೆ ಹೋಗೋಣ ಎಂದುಕೊಳ್ಳುತ್ತಲೇ ಇದ್ದೆ. ಕೊನೆಗೆ ಹೋದಾಗ ಶೆಡ್ಡಿನ ಜಾಗದಲ್ಲಿ ಮೊಬೈಲ್ ಅಂಗಡಿ ಇತ್ತು. ಅಕ್ಕ ಮೊದಲು ಹೋದರಂತೆ, ಅದೇ ವರ್ಷ ಕಾಕಾ. ನನಗೆ ತಿಳಿಸಲು ಯಾರ ಹತ್ತಿರವೂ ನನ್ನ ನಂಬರು ಇರಲಿಲ್ಲ. ನಾನೇ ಕೊಟ್ಟಿರಲಿಲ್ಲ. ಇದು ಈಗಲೂ ನನ್ನನ್ನು ಚುಚ್ಚುತ್ತದೆ.

ಮೊನ್ನೆ ಮಗಳ ಸೈಕಲ್ಲು ಮನೆಗೆ ತಂದು ನಿಲ್ಲಿಸಿ, ನೇರವಾಗಿ ಕಪಾಟಿಗೆ ಹೋದೆ. ಟ್ಯೂಬಿನ ತುಂಡು ಗಟ್ಟಿಯಾಗಿ ಬಿರುಕು ಬಿಟ್ಟಿದೆ. ವಾದ್ಯದ ಕಟ್ಟಿಗೆಯೂ ಸೀಳಿದೆ. ಊದಿದರೆ ಬರೀ ಬುಸ್. ಮಗಳು, “ಅಮ್ಮಾ, ಹಾಳಾಗೈತಿ ಬಿಡು” ಎಂದಳು. ಬೋಗುಣಿಯಲ್ಲಿ ಕುಡಿಯುವ ನೀರು ತುಂಬಿ ಅದನ್ನು ಮುಳುಗಿಸಿದೆ. ಗುಳ್ಳೆಗಳು ಬಂದವು. ತೆಗೆದು ಬಿಸಿಲಿಗೆ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಕೂತು, ಆ ಪದವನ್ನು ಗುನುಗಿದೆ. ಒಮ್ಮೆ. ಎರಡು ಸಲ. ಮೂರನೆಯ ಸಲ ಮುಗಿಯುವಷ್ಟರಲ್ಲಿ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ, ಬಾಯಿಗಿಟ್ಟುಕೊಂಡೆ.

ಅರ್ಧಕ್ಕರ್ಧ ಸ್ವರಗಳು ಏಳಲಿಲ್ಲ. ಮೂರನೆಯ ತೂತು ಎದ್ದಿತು, ಉಸಿರೆಳೆದಾಗ ಜಾರಿತು. ಇನ್ನೊಂದು ಸೇರು ಐತಿ ಎನ್ನುವವರು ಈಗ ಯಾರೂ ಇಲ್ಲ. ಆದರೂ ನಾನು ನಿಲ್ಲಿಸಲಿಲ್ಲ.